ಪೊಸಿಡೋನಿಯಾಕ್ಕೆ ಹೊರಟು ಪೆಸ್ತುಮ್‌ನಲ್ಲಿ ಇಳಿದದ್ದು

ನಾನು ನೋಡಬೇಕೆಂದು ಹೊರಟದ್ದು ದಕ್ಷಿಣ ಇಟಲಿಯ ಪೊಸಿಡೋನಿಯಾ ಎಂಬ ಗ್ರೀಕ್ ನಗರವನ್ನು. ಆದರೆ ಸಲೆರ್ನೊ ರೈಲು ನಿಲ್ದಾಣದ ಯಾವ ಫಲಕದಲ್ಲೂ ಆ ಹೆಸರಿರಲಿಲ್ಲ. ಆ ಊರಿನ ಲ್ಯಾಟಿನ್ ಹೆಸರಾದ ‘ಪೇಸ್ಟಮ್’ ಎಂದು ಕೇಳಿದಾಗ ಟಿಕೆಟ್ ಕೊಡುತ್ತಿದ್ದ ಮಹಿಳೆ ‘ಪೆಸ್ತುಮ್’ ಎಂದು ನನ್ನ ಉಚ್ಚಾರಣೆಯನ್ನು ತಿದ್ದಿದರು. ಕ್ರಿ.ಪೂ. 600ರ ಸುಮಾರಿಗೆ ದಕ್ಷಿಣ ಇಟಲಿಯದೇ ಇನ್ನೊಂದು ಗ್ರೀಕ್ ನಗರವಾದ ಸಿಬಾರಿಸ್‌ನಿಂದ ಬಂದ ಗ್ರೀಕರು ಸಮುದ್ರದೇವತೆ ಪೊಸೈಡನ್ನನ ಹೆಸರಿಟ್ಟು ಕಟ್ಟಿದ ಊರಿದು. ಅದು ಇಟಲಿಯದೇ ಜನಾಂಗವಾದ ಲುಕಾನಿಯನ್ನರ ಕೈಸೇರಿ, ಕ್ರಿ.ಪೂ. 273ರಲ್ಲಿ ರೋಮನ್ನರ ವಸಾಹತಾಯಿತು. ಇಂದಿಗೂ ಅಲ್ಲಿಗೆ ಹೋಗುವವರು ಲ್ಯಾಟಿನ್ ಹೆಸರು ಹೇಳಿಯೇ ಟಿಕೆಟ್ ಕೊಳ್ಳಬೇಕು.

ನಿಲ್ದಾಣದಿಂದ ಹೊರಟು ಕೋಟೆಯ ಬಾಗಿಲನ್ನು ದಾಟಿ ನಡೆದರೆ, ಹುಲ್ಲಿನ ಬಯಲಿನಲ್ಲಿ ಡೋರಿಕ್ ಎಂಬ ಗ್ರೀಕ್ ವಾಸ್ತುಶೈಲಿಯ ಮೂರು ಗುಡಿಗಳು ಎದುರಾಗುತ್ತವೆ. ಅವುಗಳಲ್ಲಿ ಅತ್ಯಂತ ಹಳೆಯದರ ಮುಂದೆ ನಾನು ಬಹಳ ಹೊತ್ತು ನಿಂತೆ. ಮುಂಭಾಗದಲ್ಲಿ ಒಂಬತ್ತು ಕಂಬಗಳಿರುವುದರಿಂದ, ಬಾಗಿಲಿರಬೇಕಾದ ನಡುಮಧ್ಯದಲ್ಲಿಯೇ ಒಂದು ಕಂಬ ಅಡ್ಡ ನಿಂತಿದೆ. ನಡುವಿನಲ್ಲಿ ಉಬ್ಬಿ ಮೇಲಕ್ಕೆ ಸಣ್ಣದಾಗುವ ಆ ಕಂಬಗಳು ತಲೆಯ ಮೇಲಿನ ಭಾರಕ್ಕೆ ಉಸಿರು ಬಿಗಿಹಿಡಿದಂತೆ ಕಾಣುತ್ತವೆ. ಇದು ಹೇರಾ ದೇವಿಯ ಗುಡಿ. ಆದರೆ ಹದಿನೆಂಟನೆಯ ಶತಮಾನದ ವಿದ್ವಾಂಸರು ಇದನ್ನು ರೋಮನ್ನರ ಸಭಾಭವನವೆಂದು ಭ್ರಮಿಸಿ ‘ಬೆಸಿಲಿಕಾ’ ಎಂದರು, ಆ ತಪ್ಪು ಹೆಸರು ಇನ್ನೂ ಬಿಟ್ಟಿಲ್ಲ. ಪಕ್ಕದ ಗುಡಿಗೆ ‘ನೆಪ್ಚೂನ್’ ಎಂಬ ಹೆಸರು ಅಂಟಿಕೊಂಡದ್ದೂ ಊಹೆಯಿಂದಲೇ: ಪೊಸೈಡನ್ನನ ಊರಿನ ದೊಡ್ಡ ಗುಡಿ ಅವನದೇ ಇರಬೇಕಲ್ಲ! ಊರಿಗೆ ಇಟ್ಟ ಹೆಸರನ್ನು ಮರೆತವರು ಗುಡಿಗೆ ಅದೇ ದೇವರ ಲ್ಯಾಟಿನ್ ಹೆಸರು ಕೊಟ್ಟರೆಂದು ನನಗೆ ನಗು ಬಂತು.

ಬಿಸಿಲು ಏರಿದಾಗ ವಸ್ತುಸಂಗ್ರಹಾಲಯದೊಳಗೆ ಹೋದೆ. 1968ರಲ್ಲಿ ಊರಿನ ದಕ್ಷಿಣಕ್ಕೆ ಸಿಕ್ಕ ಗೋರಿಯ ಮುಚ್ಚುಗಲ್ಲು ಅಲ್ಲಿದೆ; ಅದರ ಒಳಮೈಯಲ್ಲಿ, ಎಂದರೆ ಸತ್ತವನೊಬ್ಬನೇ ನೋಡಬಹುದಾದ ಕಡೆಯಲ್ಲಿ, ತರುಣನೊಬ್ಬ ನೀರಿಗೆ ಧುಮುಕುತ್ತಿದ್ದಾನೆ. ಕ್ರಿ.ಪೂ. 480ರ ಆಸುಪಾಸಿನ ಆ ಚಿತ್ರದಲ್ಲಿ ಒಂದೇ ಒಂದು ಅಕ್ಷರವೂ ಇಲ್ಲವೆಂಬುದು ಅಂದು ನನಗೆ ಹಿತವೆನಿಸಿತು.

ಹಿಂದಿರುಗುವ ರೈಲಿಗೆ ಕಾಯುತ್ತಾ ಪ್ರಾಚೀನ ಗ್ರೀಕ್ ಲೇಖಕ ಅರಿಸ್ಟಾಕ್ಸೆನಸ್ ಹೇಳಿದ ಸಂಗತಿಯನ್ನು ನೆನೆದೆ. ಪರರ ಆಳ್ವಿಕೆಯಲ್ಲಿ ಭಾಷೆಯನ್ನೂ ಆಚಾರವನ್ನೂ ಕಳೆದುಕೊಂಡ ಪೊಸಿಡೋನಿಯಾದವರು ವರ್ಷಕ್ಕೊಮ್ಮೆ ಒಂದು ಗ್ರೀಕ್ ಹಬ್ಬದಲ್ಲಿ ಕಲೆತು, ತಮ್ಮ ಹಳೆಯ ಹೆಸರುಗಳನ್ನು ನೆನೆದು, ಅತ್ತು, ಮನೆಗೆ ಹೋಗುತ್ತಿದ್ದರಂತೆ. ಆ ಹಬ್ಬ ಎಲ್ಲಿ ನಡೆಯುತ್ತಿತ್ತೋ, ಬೆಳಗ್ಗೆ ನಾನು ನಿಂತಿದ್ದ ಆ ಒಂಬತ್ತು ಕಂಬಗಳ ಎದುರಿನಲ್ಲಿಯೇ ಇದ್ದಿರಬಹುದೋ ಎಂದು ಯೋಚಿಸುತ್ತಿರುವಾಗಲೇ ರೈಲು ಬಂತು.