ಪಿರೇಯಸ್‌ನಿಂದ ಕ್ರೀಟ್‌ಗೆ

ಅಥೆನ್ಸ್‌ಗೆ ಬಂದವರು ಅಕ್ರೊಪೊಲಿಸ್ ನೋಡಿ, ಪಿರೇಯಸ್ ಬಂದರಿನಲ್ಲಿ ದ್ವೀಪಗಳ ಹಡಗು ಹತ್ತಿ ಹೊರಟುಬಿಡುತ್ತಾರೆ. ನನಗೆ ಈ ಬಂದರನ್ನೇ ನೋಡಬೇಕಿತ್ತು. 1850ರ ಜನವರಿಯಲ್ಲಿ ಅಡ್ಮಿರಲ್ ಪಾರ್ಕರ್‌ನ ಬ್ರಿಟಿಷ್ ಯುದ್ಧನೌಕೆಗಳು ಬಂದು ಇಲ್ಲಿನ ಹಡಗುಗಳನ್ನು ತಡೆದು ನಿಲ್ಲಿಸಿದ್ದವು. 1847ರ ಈಸ್ಟರ್ ಹೊತ್ತಿಗೆ ಅಥೆನ್ಸ್‌ನಲ್ಲಿ ಡೇವಿಡ್ ಪಾಸಿಫಿಕೊ ಎಂಬ ಯಹೂದಿ ವ್ಯಾಪಾರಿಯ ಮನೆಗೆ ಗುಂಪೊಂದು ನುಗ್ಗಿ ಲೂಟಿ ಮಾಡಿತ್ತು. ಪೊಲೀಸರು ತಡೆಯಲಿಲ್ಲ. ಆತ ಬ್ರಿಟಿಷರ ವಶದಲ್ಲಿದ್ದ ಜಿಬ್ರಾಲ್ಟರ್‌ನವನಾದ್ದರಿಂದ ಬ್ರಿಟಿಷ್ ಪ್ರಜೆ. ಅವನಿಗೆ ಗ್ರೀಕ್ ಸರ್ಕಾರದಿಂದ ಪರಿಹಾರ ಕೊಡಿಸಲೆಂದೇ ಆ ನೌಕೆಗಳು ಹಡಗುಗಳನ್ನು ತಡೆದದ್ದು.

ಪ್ರಾಚೀನ ರೋಮಿನ ಪ್ರಜೆಗೆ ಹೇಗೋ ಹಾಗೆ ಬ್ರಿಟಿಷ್ ಪ್ರಜೆಗೂ ಎಲ್ಲಿದ್ದರೂ ತನ್ನ ದೇಶದ ಕಾವಲಿರಬೇಕು ಎಂದು ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ ಅಲ್ಲಿನ ಸಂಸತ್ತಿನಲ್ಲಿ ಸಮರ್ಥಿಸಿಕೊಂಡ. ಪಾಸಿಫಿಕೊಗೆ ಆದ ಅನ್ಯಾಯ ನಿಜ, ಗ್ರೀಕ್ ಸರ್ಕಾರ ಪರಿಹಾರ ಕೊಡಲೇಬೇಕಿತ್ತು. ಆದರೆ ಅದಕ್ಕಾಗಿ ಬಂದರನ್ನೇ ನಂಬಿದ್ದ ನಾವಿಕರ, ಹಮಾಲರ ಅನ್ನಕ್ಕೆ ಕಲ್ಲು ಹಾಕಿದ್ದನ್ನು ರಕ್ಷಣೆ ಎನ್ನಲು ನನಗೆ ಮನಸ್ಸಿಲ್ಲ. ಅದು ಬರೀ ದರ್ಪ.

ರಾತ್ರಿ ಗ್ರೀಸಿನ ದ್ವೀಪವಾದ ಕ್ರೀಟ್‌ಗೆ ಹೋಗುವ ಹಡಗು ಹತ್ತಿದೆ. ಲಾರಿಗಳು ಒಂದರ ಹಿಂದೊಂದು ಹಿಮ್ಮುಖವಾಗಿ ಹಡಗಿನೊಳಕ್ಕೆ ಸರಿಯುತ್ತಿದ್ದವು. ಕೈಗವಸು ತೊಟ್ಟವನೊಬ್ಬ ಸಿಳ್ಳೆ ಹಾಕುತ್ತ, ಗೋಡೆಗೆ ಗೇಣಷ್ಟೇ ಜಾಗ ಬಿಟ್ಟು ಅವನ್ನು ನಿಲ್ಲಿಸುತ್ತಿದ್ದ. 2011ರ ಫೆಬ್ರವರಿಯಲ್ಲಿ ಲಿಬಿಯಾ ಹೊತ್ತಿ ಉರಿಯುವಾಗ ಚೀನಾ ಬಾಡಿಗೆಗೆ ಹಿಡಿದದ್ದು ಇಂಥವೇ ಗ್ರೀಕ್ ಹಡಗುಗಳನ್ನು. ಲಿಬಿಯಾದ ಬೆಂಗಾಜಿ ನಗರದಲ್ಲಿ ಸಿಕ್ಕಿಬಿದ್ದ ಚೀನೀ ಕಾರ್ಮಿಕರನ್ನು ಅವು ಕ್ರೀಟ್‌ಗೆ ತಂದು ಇಳಿಸಿದವು. ನೆಲ, ಜಲ, ಆಕಾಶ ಮೂರೂ ದಾರಿಯಿಂದ ಚೀನಾ 35,000ಕ್ಕೂ ಹೆಚ್ಚು ಜನರನ್ನು ಹೊರತಂದಿತು. ಭಾರತವೂ ಸ್ಕೋಟಿಯಾ ಪ್ರಿನ್ಸ್ ಎಂಬ ಪ್ರಯಾಣಿಕರ ಹಡಗಿನಲ್ಲಿ ತನ್ನವರನ್ನು ಬೆಂಗಾಜಿಯಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಕರೆತಂದಿತು.

ಮುಂಜಾನೆ ಕ್ರೀಟ್‌ನ ಬಂದರು ಹೆರಾಕ್ಲಿಯಾನ್. ಕಟ್ಟೆಯ ಮೇಲೆ ನಿಂತಾಗ ನನ್ನ ತಲೆಯಲ್ಲಿದ್ದದ್ದು ಹೀಗೆ ಜನರನ್ನು ಹೊರತರುವಾಗ ಆಗಬೇಕಾದ ಸಣ್ಣ ಸಣ್ಣ ಕೆಲಸಗಳು. ಓಡಿಬಂದವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲೇ ಉಳಿದಿರುತ್ತದೆ. ಅಂಥವರ ಗುರುತು ಹಚ್ಚಿ, ಊರಿಗೆ ಮರಳುವಷ್ಟಕ್ಕೆ ತುರ್ತು ಪ್ರಯಾಣ ಪತ್ರ ಬರೆದುಕೊಡಬೇಕು. ಇಳಿಯುವ ನೆಲದ ಸರ್ಕಾರದಿಂದ ವೀಸಾ ಇಲ್ಲದೆಯೇ ಒಳಬಿಡುವ ಒಪ್ಪಿಗೆ ಪಡೆಯಬೇಕು. ಮಲಗಲು ಜಾಗ, ವಿಮಾನ, ಗಾಯಾಳುವಿಗೆ ಆಸ್ಪತ್ರೆ ಆಗಬೇಕು. ಪರದೇಶದಲ್ಲಿರುವ ತನ್ನ ಪ್ರಜೆಗೆ ನೆರವಾಗುವುದನ್ನು ಕಾನ್ಸುಲರ, ಅಂದರೆ ಹೊರದೇಶದಲ್ಲಿ ತನ್ನ ದೇಶದವರ ಕೆಲಸ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಗಳ, ಕರ್ತವ್ಯಗಳಲ್ಲಿ ಒಂದೆಂದು 1963ರ ವಿಯೆನ್ನಾ ಒಪ್ಪಂದ ಬರೆದಿಟ್ಟಿದೆ. ಆ ನೆರವು ಗಲಭೆ ಶುರುವಾದ ದಿನವೇ ತಲುಪಬೇಕಾದರೆ, ಎಲ್ಲಿ ಯಾರಿದ್ದಾರೆ ಎಂಬ ಪಟ್ಟಿ ರಾಯಭಾರ ಕಚೇರಿಯಲ್ಲಿ ಮೊದಲೇ ತಯಾರಿರಬೇಕು. ಹೊರದೇಶಕ್ಕೆ ದುಡಿಯಲು ಹೋಗುವವರು ಇಳಿದ ವಾರದಲ್ಲೇ ಅಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿಬಿಡಿ.