ಹಂಚಿನ ಮನೆಯ ರಿಪೇರಿ ಖರ್ಚು ಹೇಗೆ ನಿಭಾಯಿಸ್ತೀರಿ?

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೇ ಹಂಚಿನ ಮನೆ. ನೆಂಟರು, ಸ್ನೇಹಿತರು, ಪೇಟೆಯಿಂದ ಬಂದವರು ಎಲ್ಲರೂ ಕೇಳೋದು ಒಂದೇ. "ವರ್ಷಾ ವರ್ಷ ಇದಕ್ಕೆ ದುಡ್ಡು ಸುರೀತೀರಲ್ಲ, ಹೇಗೆ ನಿಭಾಯಿಸ್ತೀರಿ? ಒಂದ್ಸಲ ಹಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕ್ಸಿಬಿಟ್ರೆ ಮುಗೀತಲ್ವಾ?"

ಮುಗಿಯೋದಿಲ್ಲ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಸುತ್ತು ಹಾಕಿ ನೋಡಿ. ಎಷ್ಟೋ ತಾರಸಿ ಮನೆಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದ್ದಾರೆ. ಮಳೆನೀರು ಸಣ್ಣ ಬಿರುಕಿನಲ್ಲಿ ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಖರ್ಚು ಕೈಮೀರಿರುತ್ತದೆ. ಹಂಚು ಒಡೆದರೆ ಆ ಮಳೆಗೇ ಗೊತ್ತಾಗುತ್ತದೆ. ಒಡೆದಿದ್ದನ್ನು ಮಾತ್ರ ಬದಲಾಯಿಸಿದರೆ ಸಾಕು.

ಹಾಗಾಗಿ ನಾವು ಇಡೀ ಮಾಡನ್ನು, ಅಂದರೆ ಹಂಚಿನ ಛಾವಣಿಯನ್ನು, ಒಟ್ಟಿಗೆ ರಿಪೇರಿ ಮಾಡಿಸುವುದೇ ಇಲ್ಲ. ಒಂದು ವರ್ಷ ಮುಂದಿನ ಇಳಿಜಾರು, ಇನ್ನೊಂದು ವರ್ಷ ಹಿಂದಿನದು, ಆಮೇಲೆ ಅಡುಗೆಮನೆ ಕಡೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ತಕ್ಷಣ ಮಾಡಿನ ಪಾಲು ತೆಗೆದಿಡುತ್ತೇವೆ. ಉಳಿದರೆ ಇಡೋಣ ಅಂದ್ಕೊಂಡರೆ ಉಳಿಯಲ್ಲ. ಆ ವರ್ಷದ ಪಾಲು ಎಷ್ಟಿದೆಯೋ ಅಷ್ಟೇ ಕೆಲಸ.

ಖರ್ಚು ಎಲ್ಲಿಗೆ ಮೊದಲು ಅನ್ನೋದು ದೊಡ್ಡ ವಿಷಯ. ಸಾವಿರ ಚದರ ಅಡಿ ಮಾಡಿಗೆ 1,400ರಿಂದ 1,500 ಮಂಗಳೂರು ಹಂಚು ಬೇಕು. ಒಣಗಿದ್ದಾಗಲೇ ಅದರ ತೂಕ ಮೂರು ಟನ್ ದಾಟುತ್ತದೆ. ಮಳೆಗಾಲದಲ್ಲಿ ನೀರು ಹೀರಿ ಇನ್ನೂ ಜಾಸ್ತಿ. ಅಷ್ಟನ್ನೂ ಹೊರುವುದು ಹಂಚಿನಡಿಯ ಅಡ್ಡ ಪಟ್ಟಿಗಳಾದ ರೀಪು, ಅವುಗಳ ಕೆಳಗಿನ ಇಳಿಜಾರು ತೊಲೆಗಳಾದ ಪಕಾಸು. ಅದಕ್ಕೇ ನಮ್ಮ ದುಡ್ಡು ಮೊದಲು ಮರಕ್ಕೆ, ಆಮೇಲೆ ಹಂಚಿಗೆ, ಕೊನೆಗೆ ಸುಣ್ಣ ಬಣ್ಣಕ್ಕೆ. ಹಬ್ಬ ಬಂತು ಅಂತ ಗೋಡೆಗೆ ಬಣ್ಣ ಹೊಡೆಸಿ, ಕುಟ್ಟೆ ಹುಳ ಹಿಡಿದ ರೀಪನ್ನು ಹಾಗೇ ಬಿಟ್ಟ ಮನೆಗಳನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಹಿಂದೆ ಸೌದೆ ಒಲೆಯ ಹೊಗೆ ದಿನಾ ಅಟ್ಟಕ್ಕೆ ಏರುತ್ತಿತ್ತು. ಹೊಗೆ ಕುಡಿದ ಮರಕ್ಕೆ ಹುಳ ಸುಲಭಕ್ಕೆ ಹತ್ತುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು. ಈಗ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿಯುತ್ತೇವೆ. ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಕೈಗವಸು ಬೇಕೇ ಬೇಕು.

ನಿಜ ಹೇಳಬೇಕಂದ್ರೆ ದುಡ್ಡಿಗಿಂತ ಕಷ್ಟ ಆಳಿನದು. ಹಂಚು ಕೈಯಾಡಿಸಲು, ಅಂದರೆ ತೆಗೆದು ಸರಿಮಾಡಿ ಮತ್ತೆ ಹೊದೆಸಲು, ಬರುವವರು ಊರಿಗೆ ಒಬ್ಬಿಬ್ಬರು. ಮೇ ತಿಂಗಳಲ್ಲಿ ಎಲ್ಲರಿಗೂ ಅವರೇ ಬೇಕು. ರೋಹಿಣಿ ಮಳೆ ಹತ್ತಿರ ಬಂದಾಗ ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ. ಅಡಿಕೆ ಕೊಯ್ಲು ಮುಗಿದ ಕೂಡಲೇ ದಿನ ಗೊತ್ತು ಮಾಡಿ ಮುಂಗಡ ಕೊಡುತ್ತೇವೆ. ಅವರು ಬರುವ ಮೊದಲೇ ಮನೆಯವರು ಮಾಡಬಹುದಾದ ಕೆಲಸ ಸಾಕಷ್ಟಿದೆ. ಮಟ ಮಟ ಮಧ್ಯಾಹ್ನ ಅಟ್ಟ ಹತ್ತಿ ನಿಂತರೆ ಎಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲಿ ಒಡಕಿದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸಬೇಕು. ಎರಡು ಮಾಡು ಸೇರುವಲ್ಲಿ ಹಾಕಿದ ತಗಡಿನ ದೋಣಿಯಲ್ಲಿ ತರಗೆಲೆ ತುಂಬಿದರೆ ನೀರು ಹಿಂದಕ್ಕೆ ತಿರುಗಿ ಹಂಚಿನಡಿಗೆ ನುಗ್ಗುತ್ತದೆ. ಎಷ್ಟೋ ಸಲ ಸೋರುವುದಕ್ಕೆ ಕಾರಣ ಇಷ್ಟೇ. ಮಳೆ ನಡುವೆ ಸೋರಿದರೆ ಮೇಲೆ ಹತ್ತಬೇಡಿ, ಪಾಚಿ ಜಾರುತ್ತದೆ. ಒಳಗಿನಿಂದಲೇ ಹಂಚಿನಡಿಗೆ ಅಡಿಕೆ ಹಾಳೆಯ ತುಂಡು ತೂರಿಸಿ, ಬೇಸಿಗೆವರೆಗೆ ತಡೆಯುತ್ತದೆ.

ಇನ್ನೊಂದು ಮಾತು ಹಂಚು ಕೊಳ್ಳುವವರಿಗೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಅಚ್ಚೂ ತುಸು ಬೇರೆ. ಬೇರೆ ಅಚ್ಚಿನ ಹಂಚು ತಂದು ನಡುವೆ ಕೂರಿಸಿದರೆ ಗಾಡಿ, ಅಂದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚಿನ ತೋಡು, ಸರಿಯಾಗಿ ಕೂರದೆ ಸಂದು ಉಳಿಯುತ್ತದೆ. ನಿಮ್ಮ ಹಂಚಿನ ಮೇಲಿನ ಹೆಸರು ನೋಡಿಟ್ಟುಕೊಳ್ಳಿ. ಎಲ್ಲಾದರೂ ಹಳೇ ಮನೆ ಕೆಡವಿದ ಸುದ್ದಿ ಬಂದರೆ ಅದೇ ಹೆಸರಿನದು ಸಿಗುತ್ತದಾ ವಿಚಾರಿಸಿ, ಒಂದಷ್ಟು ತಂದು ಕೊಟ್ಟಿಗೆಯಲ್ಲಿ ಜೋಡಿಸಿಡಿ.

ಎಲ್ಲವನ್ನೂ ಉಳಿಸಿಕೊಳ್ಳಲು ನಮ್ಮಿಂದಲೂ ಆಗಿಲ್ಲ. ಹಿತ್ತಿಲ ಕಡೆ ದೊಡ್ಡ ಕುಟುಂಬದ ಕಾಲದ ಒಂದು ಸಾಲು ಕೋಣೆಗಳಿದ್ದವು. ಯಾರೂ ಮಲಗದ ಕೋಣೆಗಳು. ಯೋಚಿಸಿ ಇಳಿಸಿದೆವು. ಅಪ್ಪನಿಗೆ ಬೇಸರವಾಯಿತು, ನನಗೂ ಆಯಿತು. ಆದರೆ ಅಲ್ಲಿ ಸಿಕ್ಕ ಪಕಾಸು, ಹಂಚು ಇವತ್ತಿಗೂ ದೊಡ್ಡ ಮಾಡಿನ ರಿಪೇರಿಗೆ ಬರುತ್ತಿವೆ. ವರ್ಷದ ಕೆಲಸವೂ ನಮ್ಮ ಕೈಯಳತೆಗೆ ಬಂತು.

ಊರಲ್ಲಿ ಬೀಗ ಹಾಕಿದ ಮನೆ ಇಟ್ಟುಕೊಂಡು ಬೆಂಗಳೂರಿನಿಂದ ಇದೇ ಪ್ರಶ್ನೆ ಕೇಳುವವರಿಗೆ ನನ್ನ ಉತ್ತರ ಬೇರೆ. ಜನ ವಾಸ ಇಲ್ಲದ ಮನೆಯಲ್ಲಿ ಮೊದಲ ಹನಿ ನೋಡುವವರೇ ಇರುವುದಿಲ್ಲ. ನಂಬಿಕೆಯ ಒಬ್ಬರನ್ನು ಬಾಡಿಗೆ ಇಲ್ಲದೆಯಾದರೂ ಇರಿಸಿ. ಅದೂ ಆಗದಿದ್ದರೆ ಹಂಚು, ಮರ ಬೇಕಾದವರಿಗೆ ಕೊಟ್ಟುಬಿಡಿ. ಬೇಸಿಗೆಯಲ್ಲೇ ಇಳಿಸಿ. ಇನ್ನೊಂದು ಮಳೆಗಾಲ ಸೋರಿದರೆ ಆ ಮರ ಸೌದೆಗೆ ಮಾತ್ರ ಆದೀತು.