ನಂಬರ್ ತಾನೇ?

"ನಂಬರ್ ತಾನೇ ಹಾಕಿರೋದು? ಫೋಟೋ ಏನೂ ಹಾಕಿಲ್ವಲ್ಲ?"

ಮಂಗಳವಾರ ಠಾಣೆಯಲ್ಲಿ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಅಂದವರು ಕೆಟ್ಟವರೇನಲ್ಲ. ನನ್ನ ಅಕ್ಕನ ಮಗಳಿಗೆ ಕುರ್ಚಿ ಎಳೆದು ಕೊಟ್ಟರು, ನೀರು ತರಿಸಿದರು.

ಬೀದಿನಾಯಿಗಳಿಗೆ ಅನ್ನ ಹಾಕುವ ವಿಷಯಕ್ಕೆ ಶುರುವಾದ ಜಗಳ. ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಅವಳ ಹೆಸರು, ಮೊಬೈಲ್, ಮನೆ ನಂಬರ್, ಸ್ಕೂಟರ್ ನಂಬರ್ ಎಲ್ಲ ಹಾಕಿ, "ಎಲ್ಲರೂ ಸೇರಿ ಇವಳಿಗೆ ಬುದ್ಧಿ ಕಲಿಸಿ" ಅಂತ ಬರೆದಿದ್ದರು. ಬರೆದವರು ಪಕ್ಕದ ಬೀದಿಯ ಹಿರಿಯರು. ಗಣೇಶನ ಚಂದಾಕ್ಕೆ ಬಂದಾಗ ಅವಳ ಕೈಯಿಂದಲೇ ಕಾಫಿ ಕುಡಿದವರು. ಅವರ ಮೇಲೆ ನನಗೀಗ ಎಳ್ಳಷ್ಟೂ ಗೌರವವಿಲ್ಲ.

ಬೆಳಗ್ಗೆ ನಾನು ಹೋದಾಗ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿ ಇಟ್ಟಿದ್ದಳು. ಅದು ಗುರ್ ಅಂದಾಗಲೆಲ್ಲ ಡಬ್ಬದ ಮುಚ್ಚಳ ನಡುಗುತ್ತಿತ್ತು. ರಾತ್ರಿಯಿಡೀ ಹಾಗೇ ಅಂತೆ.

ನಂಬರ್ ತಾನೇ?

ಠಾಣೆಯವರನ್ನು ಬೈದು ಏನು ಮಾಡೋದು, ಕಾನೂನೇ ಹಾಗಿದೆ. ಹೀಗೆ ಬೇಕಂತಲೇ ವಿಳಾಸ ಬಯಲು ಮಾಡುವುದಕ್ಕೆ ಡಾಕ್ಸಿಂಗ್ ಅಂತಾರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೇ ಅಂತ ಒಂದು ಸೆಕ್ಷನ್ ಇಲ್ಲ. ಹೆಣ್ಣನ್ನು ಹಿಂಬಾಲಿಸಿ ಕಾಡಿದರೆ 78, ಬೆದರಿಸಿದರೆ 351. ಆದರೆ ಇಲ್ಲಿ ಕಾಡಿದವರು ಗುರುತೇ ಇಲ್ಲದ ಹತ್ತಾರು ಜನ. ಅವರ ಕೈಗೆ ನಂಬರ್ ಕೊಟ್ಟ ಮನುಷ್ಯ ಮನೆಯಲ್ಲಿ ಆರಾಮಾಗಿ ಮಲಗಿದ್ದರು! ಆಸ್ಟ್ರೇಲಿಯಾದಲ್ಲಿ 2024ರ ಕೊನೆಗೆ ಇದನ್ನೇ ಅಪರಾಧ ಅಂತ ಮಾಡಿದರು. 6 ವರ್ಷದವರೆಗೆ ಜೈಲು. ಧರ್ಮ, ಜನಾಂಗ ನೋಡಿ ಗುರಿ ಮಾಡಿದ್ದರೆ 7.

ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತಮ್ಮ 86ನೇ ವಯಸ್ಸಿನಲ್ಲಿ. ಆ ವಯಸ್ಸಲ್ಲಿ ಒಬ್ಬರು ಅಷ್ಟು ಮಾಡಿದರು. ಆ ಹಕ್ಕು ಒಂದು ಹುಡುಗಿಯ ಫೋನಿನವರೆಗೆ ಬರುವುದಕ್ಕೆ ಇನ್ನೆಷ್ಟು ವರ್ಷ ಬೇಕು?

ಹಿಂದೆ ಟೆಲಿಫೋನ್ ಡೈರೆಕ್ಟರಿಯಲ್ಲಿ ಎಲ್ಲರ ವಿಳಾಸ ಅಚ್ಚಾಗ್ತಿತ್ತಲ್ಲ ಅಂತ ಭಾವ ಕೇಳಿದರು. ಹೌದು, ಅಚ್ಚಾಗುತ್ತಿತ್ತು. ಆದರೆ ಆ ಪುಸ್ತಕ ಯಾರ ಮೇಲೂ ಜನರನ್ನು ಛೂ ಬಿಡುತ್ತಿರಲಿಲ್ಲ.

ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟಿದ್ದಾರೆ. ಪೋಸ್ಟ್ ಅಳಿಸಿ ಹೋಗಿದೆ. ಕ್ಷಮೆ ಯಾರೂ ಕೇಳಿಲ್ಲ.

ನಿನ್ನೆ ಒಂದು ಕೊರಿಯರ್ ಬಂತು. ಕವರಿನ ಮೇಲಿದ್ದ ತನ್ನ ಹೆಸರು, ವಿಳಾಸವನ್ನು ಅವಳು ಪೆನ್ನಿನಿಂದ ಗೀಚಿ ಗೀಚಿ ಕಪ್ಪು ಮಾಡಿದಳು. ಕಾಗದ ಹರಿಯಿತು. ಆ ಚೂರನ್ನು ಕಸಕ್ಕೂ ಹಾಕಲಿಲ್ಲ, ಗ್ಯಾಸ್ ಹಚ್ಚಿ ಉರಿಗೆ ಹಿಡಿದಳು.